ಇಸ್ತ್ರಿ ಮಾಡಿದ ಸಮುದ್ರ

ಗೀಚಿಗೆ ಆ ಹೆಸರು ಬಿದ್ದದ್ದು ಮೂರನೇ ವಯಸ್ಸಿನಲ್ಲಿ. ಅಮ್ಮ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ಕೈಗೆ ಸಿಕ್ಕಿ, ಯಾರೋ ಗಿರಾಕಿಯ ಬಿಳಿ ಪ್ಯಾಂಟಿನ ಮೇಲೆ ಅವಳೊಂದು ಕುದುರೆ ಬರೆದಿದ್ದಳು. ಕುದುರೆಗೆ ಐದು ಕಾಲು. ಪ್ಯಾಂಟಿನ ಎರಡೂ ಸೇರಿ ಒಟ್ಟು ಏಳು ಎಂದು ಲೆಕ್ಕ ಒಪ್ಪಿಸಿ, ತಂಗಿಗೆ ಗೀಚಿ ಎಂದು ಹೆಸರಿಟ್ಟವನು ಅಣ್ಣ. ಸರ್ಟಿಫಿಕೇಟಿನಲ್ಲಿ ಬೇರೆ ಹೆಸರಿದೆ. ಆ ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಅವಳು ಸುಮ್ಮನಿರುತ್ತಾಳೆ.

ಮನೆಯ ಮುಂದಿನ ಕೋಣೆಯೇ ಅಮ್ಮನ ಟೈಲರ್ ಅಂಗಡಿ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಒಂದು ಉದ್ದನೆಯ ಮೇಜು, ಮೂಲೆಯಲ್ಲಿ ಸದಾ ಬಿಸಿಯಾಗಿರುವ ಇಸ್ತ್ರಿಪೆಟ್ಟಿಗೆ, ಗೋಡೆಯಿಂದ ಗೋಡೆಗೆ ಒಂದು ಕಬ್ಬಿಣದ ಸರಳು, ಸರಳಿನ ತುಂಬ ಬೀದಿಯವರ ತೋಳು, ಕಾಲು, ಕಾಲರು. ಅಲ್ಲಿಂದ ಹೊರಗೆ ಹೋಗುವ ಬಟ್ಟೆಗೆ ಒಂದು ಕ್ರಮವಿತ್ತು. ಅದು ಇಸ್ತ್ರಿಯಾಗಬೇಕು, ಒಂದೇ ಅಳತೆಗೆ ಮಡಿಸಿ ಒಳಗೊಂದು ರಟ್ಟು ಇಡಬೇಕು, ಅಂಗಡಿಯ ಹೆಸರಿರುವ ಕವರಿಗೆ ಹೋಗಬೇಕು, ಜೊತೆಗೆ ಹೆಬ್ಬೆರಳಿನಷ್ಟು ಚೀಲದಲ್ಲಿ ಒಂದು ಹೆಚ್ಚುವರಿ ಗುಂಡಿ ಇರಲೇಬೇಕು. ಇಪ್ಪತ್ತೇಳು ವರ್ಷಗಳಲ್ಲಿ ಅಮ್ಮನ ಕೈಯಿಂದ ಸುಕ್ಕಾದ ಬಟ್ಟೆ ಹೊರಗೆ ಹೋದ ದಾಖಲೆಯಿಲ್ಲ. ಹೇಳಿದ ದಿನಕ್ಕೆ ಹೋದ ದಾಖಲೆಯೂ ಇಲ್ಲ. ಗಿರಾಕಿ ಹೊಸ್ತಿಲಿಗೆ ಕಾಲಿಡುವುದರೊಳಗೆ ಅಮ್ಮ ತಲೆಯೆತ್ತದೆ, ತುಟಿಯಲ್ಲಿ ಕಚ್ಚಿಕೊಂಡ ಎರಡು ಗುಂಡುಸೂಜಿಗಳ ನಡುವಿನಿಂದ, “ನಾಳಿದ್ದು ಬನ್ನಿ” ಎಂದು ಮುಗಿಸುತ್ತಿದ್ದಳು.

ಗೀಚಿ ಆ ಮಾತನ್ನು ಗುಂಡುಸೂಜಿಯ ಸಮೇತ ಅನುಕರಿಸಬಲ್ಲಳು. ಅಮ್ಮ ಹಿತ್ತಲಲ್ಲಿದ್ದಾಗ ಒಳಕೋಣೆಯಿಂದ ಅದೇ ದನಿ ತೆಗೆದು ಎಷ್ಟೋ ಜನರನ್ನು ತಿರುಗಿ ಕಳಿಸಿದ್ದಾಳೆ. ಅವರಲ್ಲೊಬ್ಬರು ಬಟ್ಟೆಗೆ ಬಂದವರೇ ಅಲ್ಲ, ವಿದ್ಯುತ್ ಮೀಟರು ನೋಡಲು ಬಂದವರು. ಪಾಪ, ಅವರೂ ನಾಳಿದ್ದೇ ಬಂದರು.

ಅಪ್ಪ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂದು ಬರೆದೂ ಬರೆದೂ, ಮನೆಯಲ್ಲಿ ಯಾರಾದರೂ ಸೀನಿದರೆ ಅದಕ್ಕೂ ಗಡಿಯಾರ ನೋಡುವ ಮನುಷ್ಯ. ಚಿತ್ರಕಲೆಯ ಪದವಿ ಮುಗಿಸಿದ ಮಗಳು ತಾನು ಕೆಲಸ ಹುಡುಕುವುದಿಲ್ಲ, ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ತನ್ನ ಚಿತ್ರಗಳ ಅಂಗಡಿ ತೆರೆಯುತ್ತೇನೆ ಎಂದಾಗ ಅವನು ಮೊದಲು ಗಡಿಯಾರ ನೋಡಿದ, ಆಮೇಲೆ ಮಗಳನ್ನು.

ಅಪ್ಪ ಏನಾದರೂ ಹೇಳುವ ಮೊದಲೇ ಅತ್ತೆ ಹೇಳಿದರು. ಅತ್ತೆ ಎಂದರೆ ಅಪ್ಪನ ಅಕ್ಕ, ದೊಡ್ಡ ರಸ್ತೆಯ ಟೈಲ್ಸ್ ಶೋರೂಮಿನಲ್ಲಿ ಮ್ಯಾನೇಜರು. ತಮ್ಮ ಯಾವ ಮಾತಿಗೂ ಹತ್ತು ವರ್ಷದ ವಾರಂಟಿ ಇದ್ದಂತೆ ಮಾತಾಡುವವರು. ಅವರ ಶೋರೂಮಿನ ಕೌಂಟರಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು, ಬಣ್ಣ ತಿಳಿದ ಹುಡುಗಿಯೇ ಬೇಕಿತ್ತು. ಅಲ್ಲಿಯೂ ಇರುವುದು ಚಿತ್ರವೇ, ಬಚ್ಚಲಿಗೆ ಮೀನಿನದು, ಅಡುಗೆಮನೆಗೆ ಹಣ್ಣಿನದು. ಮೇಲಾಗಿ ತಮ್ಮ ಚಿತ್ರದ ಮೇಲೆ ನೀರು ಬಿದ್ದರೆ ಏನೂ ಆಗುವುದಿಲ್ಲ, ಇವಳದ್ದರ ಮೇಲೆ ಬಿದ್ದರೆ ಗತಿಯೇನು ಎಂದು ಕೇಳಿದರು. ಅತ್ತೆ ಹೋದ ಮೇಲೆ ಗೀಚಿ ಅವರದೇ ದನಿಯಲ್ಲಿ ಗೋಡೆಗೆ, ಬಾಗಿಲಿಗೆ, ಅಣ್ಣನ ಬೆನ್ನಿಗೆ ವಾರಂಟಿ ಕೊಟ್ಟು ಹೊಟ್ಟೆಯುರಿ ತೀರಿಸಿಕೊಂಡಳು.

ಕೊನೆಗೆ ಅಪ್ಪ ವೇಳಾಪಟ್ಟಿ ಹಾಕಿಕೊಟ್ಟ. ತೊಂಬತ್ತು ದಿನ. ಅಷ್ಟರಲ್ಲಿ ಹತ್ತು ಚಿತ್ರ ಮಾರಾಟವಾದರೆ ಅಂಗಡಿ ಅವಳದು, ಅವಳ ತಂಟೆಗೆ ಯಾರೂ ಬರುವುದಿಲ್ಲ. ಆಗದಿದ್ದರೆ ತೊಂಬತ್ತೊಂದನೆಯ ಬೆಳಿಗ್ಗೆ ಟೈಲ್ಸ್ ಕೌಂಟರು. ನೆಂಟರಿಷ್ಟರು ಕೊಂಡದ್ದು ಲೆಕ್ಕಕ್ಕಿಲ್ಲ, ಕೊಂಡವರು ವಾಪಸು ಕಳಿಸಿದ್ದೂ ಲೆಕ್ಕಕ್ಕಿಲ್ಲ.

“ಅರ್ಧದಾರಿಯಿಂದ ತಿರುಗಿ ಬಂದ ಬಸ್ಸನ್ನ ನಾವು ಟ್ರಿಪ್ ಅಂತ ಬರೆಯಲ್ಲ” ಎಂದ ಅಪ್ಪ. ಅಮ್ಮ ಏನೂ ಹೇಳಲಿಲ್ಲ. ಅವಳ ತುಟಿಯಲ್ಲಿ ಗುಂಡುಸೂಜಿಯಿತ್ತು.

ಅಂಗಡಿ ಕಟ್ಟಿಕೊಟ್ಟವನು ಅಣ್ಣ. ಅವನಿಗೆ ಮೊಬೈಲ್ ರಿಪೇರಿ ಕೆಲಸ. ಬೀದಿಯ ಅರ್ಧ ಜನರ ಗುಟ್ಟು ಅವನ ಮೇಜಿನ ಮೇಲೆ ಬಿಚ್ಚಿ ಬಿದ್ದಿರುತ್ತಿತ್ತು. ಎರಡು ಸಂಜೆ ಕೂತು ಪುಟ ತಯಾರಿಸಿದ. ಗೀಚಿ ಅದಕ್ಕೆ ವರ್ಣಲೋಕ ಎಂದು ಹೆಸರಿಟ್ಟಳು. ಹೆಸರು ಟೈಪು ಮಾಡುತ್ತ ಅಣ್ಣ, ಮೂರು ತಿಂಗಳಾದ ಮೇಲೆ ಒಂದೇ ಅಕ್ಷರ ಬದಲಾಯಿಸಿ ವರ್ಣಶೋಕ ಮಾಡಬಹುದು, ಖರ್ಚಿಲ್ಲ ಎಂದ. ಅಳೆಯುವ ಟೇಪಿನಿಂದ ಪೆಟ್ಟು ತಿಂದ.

ಚಿತ್ರಗಳ ಫೋಟೋ ತೆಗೆಯಲು ಮನೆಯಲ್ಲಿ ಒಳ್ಳೆಯ ಬೆಳಕು ಬೀಳುತ್ತಿದ್ದದ್ದು ಅಮ್ಮನ ಮೇಜಿನ ಮೇಲೆ ಮಾತ್ರ, ಅದೂ ಬೆಳಿಗ್ಗೆ ಹನ್ನೊಂದರಿಂದ ಹನ್ನೊಂದೂವರೆಯವರೆಗೆ. ಆ ಅರ್ಧ ಗಂಟೆ ಅಮ್ಮ ಕತ್ತರಿ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದಳು. ಒಮ್ಮೆ ಗೀಚಿ ಒಂದು ಕ್ಯಾನ್ವಾಸ್ ತರಬೇಕು ಎಂದದ್ದಕ್ಕೆ ಅಮ್ಮ ಮರುಮಾತಿಲ್ಲದೆ ಕಾಲರಿನೊಳಗೆ ಇಡುವ ಗಟ್ಟಿ ಬಟ್ಟೆ ಎರಡು ಮೀಟರು ಹರಿದು ಕೊಟ್ಟಳು. ಟೈಲರುಗಳ ಬಾಯಲ್ಲಿ ಅದೂ ಕ್ಯಾನ್ವಾಸೇ. ಇನ್ನೊಮ್ಮೆ, ಅಂಗಡಿಯ ಬಗ್ಗೆ ಕೇಳಿದ ಗಿರಾಕಿಯೊಬ್ಬರಿಗೆ ತನ್ನ ಮಗಳದು ಕಲೆಯ ಕೆಲಸ ಎಂದಳು. ಅವರು ಮರುದಿನವೇ ಕಾಫಿ ಚೆಲ್ಲಿದ ಕೋಟು ತಂದು, ಈ ಕಲೆ ತೆಗೆದುಕೊಡಲಿ ಎಂದರು.

ನಲವತ್ತು ದಿನ ಹೀಗೇ ಹೋಯಿತು. ಪುಟಕ್ಕೆ ಬಂದವರ ಸಂಖ್ಯೆ ದಿನಕ್ಕೆ ನಾಲ್ಕು. ಅಣ್ಣ, ಅತ್ತೆ, ಗೀಚಿ, ಮತ್ತೆ ಇನ್ನೊಂದು ಫೋನಿನಿಂದ ಗೀಚಿ. ಅಪ್ಪ ದಿನವೂ ಡಿಪೋದಿಂದ ಬಂದು ಬೂಟು ಬಿಚ್ಚುವ ಮೊದಲು ಎಷ್ಟಾಯಿತು ಎಂದು ಕೇಳುತ್ತಿದ್ದ. ಸೊನ್ನೆ ಎಂದು ಹೇಳಿ ಹೇಳಿ ಅವಳ ಬಾಯಿಯೇ ಸೊನ್ನೆಯ ಆಕಾರಕ್ಕೆ ತಿರುಗಿತ್ತು.

ನಲವತ್ತೊಂದನೆಯ ದಿನ ಒಂದು ಆರ್ಡರು ಬಂತು.

ಕೊಂಡವರು ಇನ್ಯಾವುದೋ ಊರಿನ ಹಲ್ಲಿನ ಡಾಕ್ಟರು. ತಮ್ಮ ಕ್ಲಿನಿಕ್ಕಿನಲ್ಲಿ ಜನ ಕಾಯುವ ಕೋಣೆಯ ಗೋಡೆಗೆಂದು ಬರೆದಿದ್ದರು. ಅವರು ಆರಿಸಿದ್ದು ಸಮುದ್ರದ ಚಿತ್ರ. ಗೀಚಿ ಬರೆದದ್ದರಲ್ಲೆಲ್ಲ ಅವಳಿಗೇ ಹೆಚ್ಚು ಇಷ್ಟವಾದದ್ದು. ಕಾಲೇಜಿನವರ ಜೊತೆ ಹೋದಾಗ ನಾಲ್ಕು ದಿನ ದಡದಲ್ಲಿ ಅಲೆದು ಅಲೆ ನೋಡಿ ಬರೆದದ್ದು. ಮೇಜಿನ ಅರ್ಧದಷ್ಟು ಉದ್ದದ ದಪ್ಪ ಕಾಗದ, ಜಲವರ್ಣ, ಎಡಕ್ಕೆ ಉಗುರಿನಷ್ಟು ದೋಣಿ, ಮೇಲೆ ಬಲಕ್ಕೆ ಒಂದು ಹಕ್ಕಿ. ನೀರುಬಣ್ಣ ಕುಡಿದ ಕಾಗದ ಎಲ್ಲಾ ಕಡೆ ಸ್ವಲ್ಪ ಉಬ್ಬಿತ್ತು. ಚಿತ್ರ ಬರೆಯುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚಿತ್ರವನ್ನು ಸುರುಳಿ ಸುತ್ತಿ ಕಳಿಸಲು ಉದ್ದನೆಯ ರಟ್ಟಿನ ಕೊಳವೆ ತಂದು ಮೂಲೆಯಲ್ಲಿ ನಿಲ್ಲಿಸಿದಳು. ಕೊರಿಯರಿನವರು ನಾಲ್ಕು ಗಂಟೆಗೆ ಬರುತ್ತೇವೆಂದಿದ್ದರು. ಅಂದೇ ಅತ್ತೆ, ಕುರ್ಚಿ ಹೇಗಿದೆಯೆಂದಾದರೂ ಒಮ್ಮೆ ಕೂತು ನೋಡು ಎಂದು ಪಟ್ಟು ಹಿಡಿದದ್ದರಿಂದ, ಮೂರಕ್ಕೆ ವಾಪಸಾಗುವ ಲೆಕ್ಕದಲ್ಲಿ ಗೀಚಿ ಶೋರೂಮಿಗೆ ಹೋಗಿ ಬಂದಳು.

ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಮುಖದಲ್ಲಿ ಹಬ್ಬಿದ ನಗು. ಕೊರಿಯರಿನವನು ಒಂದೂವರೆಗೇ ಬಂದನಂತೆ, ಇನ್ನೂ ಆರು ಕಡೆ ಹೋಗಬೇಕೆಂದು ನಿಂತಲ್ಲೇ ಕುಣಿಯುತ್ತಿದ್ದನಂತೆ, ಅಮ್ಮ ಅವನನ್ನು ಹತ್ತು ನಿಮಿಷ ಕೂರಿಸಿ ಎಲ್ಲ ಮುಗಿಸಿದಳಂತೆ.

“ಈ ಮನೆಯಿಂದ ಹೊತ್ತಿಗೆ ಮುಂಚೆ ಹೋದ ಮೊದಲ್ನೇ ಸಾಮಾನು ನಿನ್ನದೇ ಕಣೇ” ಎಂದಳು. “ಎಷ್ಟು ಸುಕ್ಕಿತ್ತು ಅದರಲ್ಲಿ. ಒದ್ದೆ ಬಟ್ಟೆ ಹಾಕಿ ಹಿಂದಿನಿಂದ ಇಸ್ತ್ರಿ ತಿಕ್ಕಿ, ಚೆನ್ನಾಗಿ ಮಡಿಸಿ ಕಳಿಸಿದೀನಿ.”

ಗೀಚಿ ಮೂಲೆಗೆ ನೋಡಿದಳು. ರಟ್ಟಿನ ಕೊಳವೆ ನಿಂತಲ್ಲೇ ನಿಂತಿತ್ತು, ಒಳಗೆ ಖಾಲಿ.

ಆಮೇಲೆ ಅವಳು ಏನೇನು ಮಾತಾಡಿದಳೋ ಅವಳಿಗೇ ನೆನಪಿಲ್ಲ. ನೆನಪಿರುವುದು ಕೊನೆಯ ಒಂದು ಮಾತು: “ಅದು ಅಂಗಿ ಅಲ್ಲಮ್ಮ.” ಅಮ್ಮನ ಮುಖದ ನಗು ಹೊಲಿಗೆ ಬಿಚ್ಚಿದಂತೆ ಒಂದೊಂದೇ ಎಳೆ ಸಡಿಲವಾಯಿತು. ಅವಳು ಹೋಗಿ ಯಂತ್ರದ ಮುಂದೆ ಕೂತಳು. ಅಂದಿನಿಂದ ಗೀಚಿಯ ಕುಂಚ, ಕಾಗದ, ಬಣ್ಣದ ಬಟ್ಟಲು ಯಾವುದು ಎಲ್ಲಿ ಬಿದ್ದಿದ್ದರೂ ಅದನ್ನು ಮುಟ್ಟದೆ ಸುತ್ತು ಬಳಸಿ ನಡೆಯತೊಡಗಿದಳು. ಬೈದಿದ್ದರೆ ಗೀಚಿಗೆ ಸಮಾಧಾನವಾಗುತ್ತಿತ್ತು.

ನಾಲ್ಕು ದಿನದ ಮೇಲೆ ಡಾಕ್ಟರ ಅಭಿಪ್ರಾಯ ಬಂತು. ಪುಟದಲ್ಲಿ ಐದರಲ್ಲಿ ಒಂದೇ ನಕ್ಷತ್ರ, ಅದರ ಕೆಳಗೆ ಹೀಗೆ:

“ಪಾರ್ಸೆಲ್ ಬಂತು. ಸಮುದ್ರವನ್ನು ಮಡಿಸಿ ಅಂಗಿಯ ಕವರಿನಲ್ಲಿ ಕಳಿಸಿದ್ದೀರಿ. ಬಿಚ್ಚಿದರೆ ಗೋಡೆಗೆ ಕೂರುವುದಿಲ್ಲ, ಮೇಜಿನ ಮೇಲೆ ತಾನೇ ಎದ್ದು ನಿಲ್ಲುತ್ತದೆ. ನಾನು ಕೇಳಿದ್ದು ಗೋಡೆಗೆ. ಜೊತೆಗೆ ಒಂದು ಬಿಳಿ ಗುಂಡಿ ಇದೆ. ಅದು ಚಿತ್ರದ ಯಾವ ಭಾಗಕ್ಕೆ ಸೇರಿದ್ದೆಂದು ದಯವಿಟ್ಟು ತಿಳಿಸಿ.”

ಅಣ್ಣ ಎರಡು ಸಲ ಓದಿದ. “ಚಂದ್ರ ಅಂತ ಬರಿ” ಎಂದ.

ಗೀಚಿಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಹಲ್ಲಿನ ಡಾಕ್ಟರ ಮುಂದೆ ಹಲ್ಲು ಗಿಂಜದೆ ಬೇರೆ ದಾರಿಯಿರಲಿಲ್ಲ. ನಮ್ಮಮ್ಮ ಟೈಲರು, ಗುಂಡಿ ಅವರ ಅಂಗಡಿಯದು, ತಪ್ಪು ನನ್ನದು, ಹಣ ಬೇಕಾದರೆ ಹಣ, ಚಿತ್ರ ಬೇಕಾದರೆ ಬೇರೆ ಚಿತ್ರ ಕಳಿಸುತ್ತೇನೆ ಎಂದು ಬರೆದಳು. ಸಂಜೆಗೆ ಉತ್ತರ ಬಂತು. “ಬದಲಿ ಕಳಿಸಿ. ನೋಡಿದ ಮೇಲೆ ಹೇಳುತ್ತೇನೆ.” ಅದರ ಜೊತೆಗೊಂದು ಫೋಟೋ, ಅವರ ಮೇಜಿನ ಮೇಲೆ ಎದ್ದು ನಿಂತ ಸಮುದ್ರ.

ಅಪ್ಪ ತನ್ನ ವೇಳಾಪಟ್ಟಿಯಲ್ಲಿ ಆ ಆರ್ಡರಿನ ಮುಂದೆ ಪೆನ್ಸಿಲಿನಲ್ಲಿ ಪ್ರಶ್ನೆಯ ಗುರುತು ಹಾಕಿದ. ಮಾರಾಟ ಆಗಿದೆಯೋ ಇಲ್ಲವೋ, ಡಾಕ್ಟರು ಹೇಳಿದ ಮೇಲೆಯೇ ತಿಳಿಯಬೇಕು.

ಮರುದಿನ ಹನ್ನೊಂದು ಗಂಟೆಯ ಬೆಳಕಿನಲ್ಲಿ ಗೀಚಿ ಆ ಫೋಟೋ ದೊಡ್ಡದು ಮಾಡಿ ನೋಡಿದಳು. ನೋಡಿ ಹೊಟ್ಟೆಗಿಷ್ಟು ಸಂಕಟ ಹಾಕಿಕೊಳ್ಳುವುದೇ ಉದ್ದೇಶ. ಚಿತ್ರದಲ್ಲಿ ಮೂರು ಮಡಿಕೆ, ನಾಲ್ಕು ಪಟ್ಟಿ. ಒಂದು ಮಡಿಕೆ ಮುಂದಕ್ಕೆ ಬಂದರೆ ಇನ್ನೊಂದು ಹಿಂದಕ್ಕೆ. ಪಟ್ಟಿಗಳ ಅಗಲ ಒಂದೇ ಸಮ ಇರಲಿಲ್ಲ. ಅಮ್ಮನ ಕೈಗೆ ಅಳತೆ ತಪ್ಪುವುದೇ? ಎಡಗಡೆಯ ಮಡಿಕೆ ಸಮ ಅಳತೆಗೆ ಬಂದಿದ್ದರೆ ದೋಣಿಯ ಮೈಮೇಲೆ ಬೀಳಬೇಕಿತ್ತು. ಅದು ಅರ್ಧ ಬೆರಳು ಪಕ್ಕಕ್ಕೆ ಸರಿದಿತ್ತು. ಹಕ್ಕಿಯ ಹತ್ತಿರದ್ದೂ ಹಾಗೆಯೇ.

“ಅಮ್ಮಾ, ಮಡಿಸೋವಾಗ ದೋಣಿ ನೋಡ್ಕೊಂಡು ಮಡಿಸಿದ್ಯಾ?”

ಅಮ್ಮ ಯಂತ್ರ ನಿಲ್ಲಿಸಲಿಲ್ಲ. “ಮತ್ತೆ? ಜೇಬಿನ ಮೇಲೆ ಮಡಿಕೆ ಬಿದ್ರೆ ಅಂಗಿ ಸೊಟ್ಟಗೆ ಕಾಣತ್ತೆ. ದೋಣಿ ಮೇಲೆ ಬಿದ್ರೆ ಅದು ಮುಳುಗಲ್ವಾ?”

“ಹಕ್ಕಿ?”

“ಹಕ್ಕೀನೂ ನೋಡಿದೆ. ಬಣ್ಣ ಬಣ್ಣ ಉಜ್ಜಬಾರ್ದು ಅಂತಾನೇ ಒಂದು ಮುಂದೆ ಒಂದು ಹಿಂದೆ, ನೆರಿಗೆ ಹಾಕೋ ಹಾಗೆ ಹಾಕಿದೆ. ಆಕಾಶದಲ್ಲಿ ಒಂದು ಕಡೆ ಬಣ್ಣ ತೆಳುವಾಗಿತ್ತು, ಅಲ್ಲಿ ಇಸ್ತ್ರಿ ಮುಟ್ಟಿಸಲಿಲ್ಲ.” ಸೂಜಿಯಡಿ ಬಟ್ಟೆ ಸರಿಸುತ್ತ, “ನಂಗೇನು ಗೊತ್ತು. ಅಂಗಿ ಅಲ್ಲ ಅದು” ಎಂದಳು.

ಗೀಚಿ ಕುರ್ಚಿಗೆ ಅಂಟಿಕೊಂಡು ಕೂತಳು. ಕಾಲೇಜಿನ ಮೇಷ್ಟ್ರು ಆ ಚಿತ್ರವನ್ನು ಕಾಫಿ ಕುಡಿಯುತ್ತ ನೋಡಿ ಅಂಕ ಕೊಟ್ಟಿದ್ದರು. ಆಕಾಶದಲ್ಲಿ ಬಣ್ಣ ತೆಳುವಾದ ಜಾಗ ಅವರಿಗೂ ಕಂಡಿರಲಿಲ್ಲ. ಹತ್ತು ನಿಮಿಷದಲ್ಲಿ, ಬಾಗಿಲಲ್ಲಿ ಕೊರಿಯರಿನವನು ಕುಣಿಯುತ್ತಿರುವಾಗ, ಅವಳ ಚಿತ್ರವನ್ನು ಅಂಗುಲ ಅಂಗುಲವಾಗಿ ನೋಡಿದವಳು ಅಮ್ಮ.

ಅವಳು ಫೋನನ್ನು ಮೇಜಿನ ಮೇಲಿಟ್ಟು ಎಡದಿಂದ ನೋಡಿದಳು, ಬಲದಿಂದ ನೋಡಿದಳು. ಫೋಟೋ ಅಷ್ಟೇ, ಏನೂ ಬದಲಾಗಲಿಲ್ಲ. ಆದರೆ ನಿಜವಾದ ಚಿತ್ರ ಹೀಗೆ ನೆರಿಗೆಯಾಗಿ ನಿಂತಿದ್ದರೆ? ಎಡದಿಂದ ಬರುವವನಿಗೆ ಕಾಣುವುದು ನೆರಿಗೆಗಳ ಒಂದು ಮಗ್ಗುಲು, ಬಲದಿಂದ ಬರುವವನಿಗೆ ಇನ್ನೊಂದು. ಎರಡು ಮಗ್ಗುಲಿಗೂ ಬೇರೆ ಬೇರೆ ಚಿತ್ರ ಬರೆದರೆ? ಸರಳಿನ ಮೇಲೆ ಸಾಲಾಗಿ ತೂಗುತ್ತಿದ್ದ ಶಾಲೆಯ ಸ್ಕರ್ಟುಗಳ ಕಡೆ ನೋಡಿದಳು. ಒಂದೊಂದರಲ್ಲೂ ಇಪ್ಪತ್ತು ನೆರಿಗೆ, ಕತ್ತಿಯ ಅಲಗಿನಂಥವು.

“ಅಮ್ಮಾ,” ಎಂದಳು, “ಮೇಜಿನಲ್ಲಿ ಅರ್ಧ ಜಾಗ ಕೊಡ್ತೀಯಾ? ನಂಗೆ ನೆರಿಗೆ ಹಾಕೋದು ಹೇಳ್ಕೊಡು.”

ಅಮ್ಮ ತಲೆಯೆತ್ತದೆ, “ನಾಳಿದ್ದು” ಎಂದಳು. ಎಂದವಳೇ ಎದ್ದು, ಒಂದು ಕೈಯಲ್ಲಿ ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಅತ್ತ ತಳ್ಳಿದಳು.

ಕಾಗದ ಬಟ್ಟೆಯಲ್ಲ ಎಂಬುದು ಮೊದಲ ದಿನವೇ ಗೊತ್ತಾಯಿತು. ಮಡಿಸಿದಲ್ಲೆಲ್ಲ ಬಣ್ಣ ಬಿರುಕು ಬಿಟ್ಟು ಬಿಳಿ ಗೆರೆ ಎದ್ದಿತು. ಬರೆದು ಮಡಿಸುವ ಬದಲು ಮಡಿಸಿ ಬರೆದರು. ಒದ್ದೆಯಾದ ಕೂಡಲೇ ನೆರಿಗೆ ಸತ್ತು ಕಾಗದ ಚಪ್ಪಟೆ ಮಲಗಿತು. ಮಲಗಿದ್ದನ್ನು ಅಮ್ಮ ಇಸ್ತ್ರಿ ಮಾಡಿದಳು, ಅದು ಸುಟ್ಟಿತು. ಮೂರು ಸಮುದ್ರ, ಎರಡು ಗುಡ್ಡ, ಒಂದು ಬೆಕ್ಕು ಹೀಗೆ ಹೋದವು. ಬೆಕ್ಕಿಗಾಗಿ ಯಾರೂ ಅಳಲಿಲ್ಲ, ಅದು ಬರೆದಾಗಲೇ ಸುಟ್ಟ ಹಾಗೆ ಕಾಣುತ್ತಿತ್ತು ಎಂದ ಅಣ್ಣ. ಗಿರಾಕಿಗಳಿಗೆಲ್ಲ ಈಗ ನಾಳಿದ್ದೂ ಇಲ್ಲ, ಮುಂದಿನ ವಾರ ಎಂಬ ಉತ್ತರ ಸಿಗತೊಡಗಿತು.

ಒಂಬತ್ತನೆಯ ದಿನ ಅಮ್ಮ ಒಂದು ಕಾಲರು ಹೊಲಿಯುತ್ತ ಕೂತಿದ್ದವಳು ಥಟ್ಟನೆ ಕೈ ನಿಲ್ಲಿಸಿದಳು. ಕಾಲರಿನೊಳಗೆ ಇಡುವ ಆ ಗಟ್ಟಿ ಬಟ್ಟೆಗೆ ಒಂದು ಮೈಯಲ್ಲಿ ಅಂಟು ಇರುತ್ತದೆ, ಬಿಸಿ ಮುಟ್ಟಿಸಿದರೆ ಕಚ್ಚಿಕೊಳ್ಳುತ್ತದೆ. ನೂರು ಸಲ ಒಗೆದರೂ ಕಾಲರು ನೆಟ್ಟಗೆ ನಿಲ್ಲುವುದು ಅದರ ದೆಸೆಯಿಂದ. ಅವಳು ಅದನ್ನು ಕಾಗದದ ಬೆನ್ನಿಗೆ ಇಟ್ಟು ಇಸ್ತ್ರಿಯಿಂದ ಅಂಟಿಸಿದಳು. ಬಟ್ಟೆಯ ಮೇಲೆ ಗುರುತು ಎತ್ತುವ ಮೊಂಡು ಹಲ್ಲಿನ ಚಕ್ರವನ್ನು ಮಡಿಕೆಯ ಗೆರೆಗಳ ಮೇಲೆ ಉರುಳಿಸಿದಳು. ಆಮೇಲೆ ಹದಿನಾರು ನೆರಿಗೆ ಹಾಕಿ ಇಡೀ ದಿನ ಕಬ್ಬಿಣದ ಕತ್ತರಿಯ ಭಾರ ಹೇರಿದಳು. ಗೀಚಿ ಅದರ ಮೇಲೆ ಬಣ್ಣ ಎಳೆದಳು. ಕಾಗದ ನೀರು ಕುಡಿಯಿತು, ಬಾಗಲಿಲ್ಲ. ಒಣಗಿತು, ಬಿರಿಯಲಿಲ್ಲ.

“ಅವತ್ತು ಕ್ಯಾನ್ವಾಸ್ ಕೇಳಿದಾಗಲೇ ಇದನ್ನ ಕೊಟ್ಟಿದ್ದೆ” ಎಂದಳು ಅಮ್ಮ. ಅಷ್ಟು ಹೊತ್ತಿನಲ್ಲಿ ಅವಳು ಹೇಳಿದ್ದು ಅದೊಂದೇ ಮಾತು. ಅದನ್ನು ಹೇಳುವಾಗ ಅವಳ ತುಟಿಯಲ್ಲಿ ಗುಂಡುಸೂಜಿ ಇರಲಿಲ್ಲ, ಬೇಕೆಂದೇ ತೆಗೆದಿಟ್ಟಿದ್ದಳು.

ಡಾಕ್ಟರಿಗೆಂದು ಬರೆದ ಹೊಸ ಸಮುದ್ರ ಹೀಗಿತ್ತು. ಎಡದಿಂದ ನೋಡಿದರೆ ಬಿರುಗಾಳಿ. ಅಲೆಗಳು ಹಲ್ಲು ಕಡಿಯುತ್ತಿದ್ದವು, ದೋಣಿ ಒಂದು ಕಡೆ ವಾಲಿತ್ತು. ಬಲದಿಂದ ನೋಡಿದರೆ ಅದೇ ಸಮುದ್ರ, ಅದೇ ದೋಣಿ, ಗಾಳಿ ನಿಂತ ಮೇಲಿನ ಬೆಳಗು. ಬಾಗಿಲಿಂದ ಒಳಗೆ ಬರುವವರಿಗೆ ಅವರ ಹೊಟ್ಟೆಯೊಳಗಿನ ಭಯ ಕಾಣಲಿ, ಕೆಲಸ ಮುಗಿಸಿ ಹೋಗುವವರಿಗೆ ನಿರಾಳ ಕಾಣಲಿ ಎಂಬುದು ಗೀಚಿಯ ಲೆಕ್ಕ. ಈ ಸಲ ಗೋಡೆಗಲ್ಲ, ನಿಮ್ಮ ಕೌಂಟರಿನ ಮೇಲೆ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿ ನೋಡಿ ಎಂದು ಚೀಟಿ ಬರೆದಳು. ಅಮ್ಮ ನೆರಿಗೆಗಳನ್ನು ಒತ್ತಾಗಿ ಕೂಡಿಸಿ ಪೆಟ್ಟಿಗೆಯಲ್ಲಿಟ್ಟಳು. ಅಭ್ಯಾಸಬಲದಿಂದ ಗುಂಡಿಯ ಡಬ್ಬಿಗೆ ಕೈ ಹೋಯಿತು, ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅದು ಹೊರಟದ್ದು ಅರವತ್ತಾರನೆಯ ದಿನ.

ಹೊರಡುವ ಮೊದಲು ಅಣ್ಣ ಅದರ ಮುಂದೆ ಫೋನು ಹಿಡಿದು ಎಡದಿಂದ ಬಲಕ್ಕೆ ನಿಧಾನವಾಗಿ ನಡೆದು ಒಂದು ವಿಡಿಯೋ ತೆಗೆದಿದ್ದ. ಬಿರುಗಾಳಿ ಅವನ ಮೂರು ಹೆಜ್ಜೆಯಲ್ಲಿ ಬೆಳಗಾಗುತ್ತಿತ್ತು. ಹಿನ್ನೆಲೆಯಲ್ಲಿ ಹೊಲಿಗೆ ಯಂತ್ರದ ಸದ್ದು, ಅದರ ಮೇಲೆ ಅಮ್ಮನ ದನಿ, “ನಾಳಿದ್ದು ಬನ್ನಿ.” ಅಣ್ಣ ಅದನ್ನು ಕತ್ತರಿಸಲು ಸೋಮಾರಿಯಾಗಿ ಹಾಗೇ ಪುಟಕ್ಕೆ ಹಾಕಿದ.

ಆ ವಿಡಿಯೋ ಎಲ್ಲೆಲ್ಲಿ ತಿರುಗಿತೋ. ಒಂದೇ ವಾರದಲ್ಲಿ ನಾಲ್ಕು ಆರ್ಡರು ಬಂದವು. ಈಜು ಕಲಿಸುವವರೊಬ್ಬರು ಒಂದು ಕಡೆಯಿಂದ ನೋಡಿದರೆ ನೀರಿಗೆ ಹೆದರುವ, ಇನ್ನೊಂದು ಕಡೆಯಿಂದ ನೋಡಿದರೆ ನೀರಿಗೆ ಹಾರುವ ಮನುಷ್ಯನ ಚಿತ್ರ ಬೇಕೆಂದರು. ಗಡಿಯಾರದ ಅಂಗಡಿಯವರು ಒಂದು ಮಗ್ಗುಲಿಗೆ ಬೆಳಿಗ್ಗೆ, ಇನ್ನೊಂದಕ್ಕೆ ಸಂಜೆ ಕೇಳಿದರು. ಅಪ್ಪ ಅದನ್ನು ತಾನೇ ಕೂತು ಪರಿಶೀಲಿಸಿ, ನೆರಳು ಐದೂಮುಕ್ಕಾಲಿನದು, ಮುಳ್ಳು ಆರೂವರೆ ತೋರಿಸುತ್ತಿದೆ ಎಂದು ತಿದ್ದಿಸಿದ. ಲೈಬ್ರರಿಯ ಒಬ್ಬಾಕೆ ತೆರೆದ ಪುಸ್ತಕ, ಮುಚ್ಚಿದ ಪುಸ್ತಕ ಬರೆಸಿದರು. ಅಮ್ಮ ನೆರಿಗೆ ಹಾಕುತ್ತಿದ್ದಳು, ಗೀಚಿ ಬರೆಯುತ್ತಿದ್ದಳು, ಸ್ಕರ್ಟುಗಳು ಸರಳಿನ ಮೇಲೆ ಸರದಿ ಕಾಯುತ್ತಿದ್ದವು. ಆಮೇಲೆ ಇನ್ನೂ ಐದು ಆರ್ಡರು ಬಂದವು. ಎಂಬತ್ತೊಂಬತ್ತನೆಯ ದಿನಕ್ಕೆ ಡಾಕ್ಟರದು ಬಿಟ್ಟು ಒಟ್ಟು ಒಂಬತ್ತು ಹೋಗಿ ತಲುಪಿದ್ದವು, ಒಂದೂ ವಾಪಸು ಬಂದಿರಲಿಲ್ಲ.

ಹತ್ತನೆಯದು ಡಾಕ್ಟರದು. ಪ್ರಶ್ನೆಯ ಗುರುತು ಇನ್ನೂ ಅಲ್ಲೇ ಇತ್ತು. ಪಾರ್ಸೆಲ್ ಎಪ್ಪತ್ತನೆಯ ದಿನ ತಲುಪಿದೆ ಎಂದು ಕೊರಿಯರಿನವರ ಸಂದೇಶ ಬಂದಿತ್ತು. ಆಮೇಲೆ ಡಾಕ್ಟರು ಬಾಯಿ ಬಿಟ್ಟಿರಲಿಲ್ಲ. ಬೇರೆಯವರ ಬಾಯಿ ಬಿಡಿಸುವ ಕೆಲಸದವರಿಗೆ ತಮ್ಮದು ಬಿಡಲು ಏನು ಕಷ್ಟ ಎಂದು ಅಣ್ಣ ಸಿಡುಕಿದ.

ತೊಂಬತ್ತನೆಯ ಬೆಳಿಗ್ಗೆ ಹತ್ತಕ್ಕೆ ಅತ್ತೆ ಕೆಲಸದ ಕಾಗದ ಹಿಡಿದು ಬಂದರು. ಕೂರಲು ಜಾಗವಿರಲಿಲ್ಲ. ಒಂದು ಕುರ್ಚಿಯಲ್ಲಿ ಒಣಗುತ್ತಿದ್ದ ಸೂರ್ಯಕಾಂತಿಯ ಚಿತ್ರ, ಇನ್ನೊಂದರಲ್ಲಿ ಯಾರದೋ ಕೋಟು. ಅಪ್ಪ ರಜೆ ಹಾಕಿ ಮನೆಯಲ್ಲಿದ್ದ. ಅವನು ಕೊಟ್ಟ ವೇಳೆ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತಿತ್ತು. ಅಣ್ಣ ತಂಗಿಯನ್ನು ಹಿತ್ತಲಿಗೆ ಕರೆದು ಮೆತ್ತಗೆ ಹೇಳಿದ: ತನ್ನ ಗೆಳೆಯನ ಹೆಸರಿನಲ್ಲಿ ತಾನೇ ಒಂದು ಕೊಳ್ಳುತ್ತೇನೆ, ಎರಡು ನಿಮಿಷದ ಕೆಲಸ, ಅಪ್ಪನಿಗೆ ಎಲ್ಲಿ ಗೊತ್ತಾಗಬೇಕು.

ಗೀಚಿಗೆ ಒಂದು ಕ್ಷಣ ಆಸೆಯಾಯಿತು. ಆಮೇಲೆ ಬೇಡ ಎಂದಳು. ಅಮ್ಮ ಹದಿನಾರು ನೆರಿಗೆಯನ್ನೂ ಅಳೆದು ಹಾಕಿದವಳು, ಅದರ ಲೆಕ್ಕಕ್ಕೆ ಸುಳ್ಳು ಗುಂಡಿ ಹೊಲಿಯುವುದು ಬೇಡ ಎಂದಳು.

ಹನ್ನೊಂದೂವರೆಗೆ ಅಪ್ಪ ಒಂಬತ್ತು ಎಂದು ದೊಡ್ಡದಾಗಿ ಬರೆದ. ಅವನ ಕೈ ಅಷ್ಟೇನೂ ಸಂತೋಷದಲ್ಲಿರಲಿಲ್ಲ.

“ಒಂಬತ್ತೂಮುಕ್ಕಾಲು ಅಂತ ಬರೆಯೋಕೆ ಬರಲ್ವೇನಪ್ಪಾ?” ಎಂದ ಅಣ್ಣ.

“ಬಸ್ಸಿಗೆ ಮುಕ್ಕಾಲು ಚಕ್ರ ಇರತ್ತಾ?” ಎಂದ ಅಪ್ಪ. ಆದರೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ನಿಂತ.

ಅತ್ತೆ ಕಾಗದ ಮೇಜಿನ ಮೇಲಿಟ್ಟು ಸಹಿ ಹಾಕಬೇಕಾದ ಜಾಗ ತೋರಿಸಿದರು. ಗೀಚಿ ಕೈಯ ಬಣ್ಣ ಒರೆಸಿಕೊಂಡಳು. ಅಮ್ಮ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದಳು. ಮದುವೆಯಾಗಿ ಬಂದಾಗಿನಿಂದ ಅವಳು ಹಗಲಲ್ಲಿ ಯಂತ್ರ ನಿಲ್ಲಿಸಿದ್ದನ್ನು ಅಪ್ಪ ನೋಡಿರಲಿಲ್ಲ. ಅವನಿಗೇ ಗೊತ್ತಿಲ್ಲದೆ ಗಡಿಯಾರ ನೋಡಿದ. ಹನ್ನೊಂದು ನಲವತ್ತಾರು.

ಹನ್ನೊಂದು ನಲವತ್ತೇಳಕ್ಕೆ ಅಣ್ಣನ ಫೋನು ಟಿಣ್ ಎಂದಿತು.

ಅವನು ಓದಿದ, ಕಣ್ಣು ಅಗಲ ಮಾಡಿದ, ಫೋನನ್ನು ತಂಗಿಯ ಕೈಗೆ ಕೊಟ್ಟ. ಗೀಚಿ ತಾನು ಒಮ್ಮೆಯೂ ಕೇಳಿರದ ಡಾಕ್ಟರ ದನಿಯಲ್ಲಿ, ಮೂಗಿನ ಮೇಲೆ ಇಲ್ಲದ ಕನ್ನಡಕ ಸರಿಮಾಡಿಕೊಂಡು, ಗಟ್ಟಿಯಾಗಿ ಓದಿದಳು:

“ತಡವಾಗಿದೆ. ಹಲ್ಲು ತುಂಬಿದ ಮೇಲೂ ನಾನು ಇಪ್ಪತ್ತು ದಿನ ನೋಡಿಯೇ ಸರಿಯಾಗಿದೆ ಎನ್ನುವುದು. ಚಿತ್ರ ಕೌಂಟರಿನ ಮೇಲಿದೆ. ನಿಂತಿದೆ. ಬರುವಾಗ ಬಿರುಗಾಳಿ ನೋಡಿದವರು ಹೋಗುವಾಗ ತಿರುಗಿ ನಿಂತು ನೋಡುತ್ತಾರೆ, ಕೆಲವರು ಮತ್ತೆ ಬಾಗಿಲಿಗೆ ಹೋಗಿ ನಡೆದು ಬರುತ್ತಾರೆ. ಹಲ್ಲು ಕೀಳಿಸಿಕೊಂಡವರು ಕ್ಲಿನಿಕ್ಕಿನಲ್ಲಿ ನಗುವುದನ್ನು ನಾನು ಮೊದಲ ಸಲ ನೋಡಿದೆ. ಒಂದು ನಕ್ಷತ್ರ ತೆಗೆದು ಐದು ಹಾಕಿದ್ದೇನೆ. ನಮ್ಮ ಕಟ್ಟಡದ ಕಣ್ಣಿನ ಡಾಕ್ಟರಿಗೂ ಕಿವಿಯ ಡಾಕ್ಟರಿಗೂ ಒಂದೊಂದು ಬೇಕಂತೆ, ಆರ್ಡರು ಹಾಕಿದ್ದಾರೆ. ಈ ಸಲ ಗುಂಡಿ ಇರಲಿಲ್ಲ, ಯಾಕೆ? ಮೊದಲಿನದನ್ನೇ ಆಕಾಶಕ್ಕೆ ಅಂಟಿಸಿದ್ದೇನೆ. ಚಂದ್ರನಿಗೆ ಸರಿಯಾಗಿದೆ. ನಿಮ್ಮ ತಾಯಿಗೆ ತಿಳಿಸಿ.”

ಮೊದಲು ಮಾತಾಡಿದವನು ಅಣ್ಣ. ತಾನು ಅವತ್ತೇ ಚಂದ್ರ ಎಂದಿದ್ದೆ, ಎಲ್ಲರೂ ಸಾಕ್ಷಿ ಎಂದ. ಯಾರೂ ಅವನ ಕಡೆ ನೋಡಲಿಲ್ಲ. ಅಪ್ಪ ಪ್ರಶ್ನೆಯ ಗುರುತನ್ನು ಅಳಿಸಿ, ಒಂಬತ್ತನ್ನು ಹೊಡೆದುಹಾಕಿ, ಹನ್ನೆರಡು ಎಂದು ಬರೆದ. ಆಮೇಲೆ ಅದರ ಮುಂದೆ ಡಿಪೋದಲ್ಲಿ ಬರೆಯುವ ಹಾಗೆಯೇ ಬರೆದ: ಹದಿಮೂರು ನಿಮಿಷ ಮುಂಚಿತವಾಗಿ ಆಗಮನ. ಅಮ್ಮ ಎದ್ದು ಹೋಗಿ ಗುಂಡಿಯ ಡಬ್ಬಿ ತಂದು, ಮೇಜಿನ ಮೇಲೆ ಗೀಚಿಯ ಬಣ್ಣದ ಬಟ್ಟಲಿನ ಪಕ್ಕದಲ್ಲಿ, ಇನ್ನು ಅದರ ಜಾಗ ಅದೇ ಎಂಬಂತೆ ಇಟ್ಟಳು. ಮಗಳ ತಲೆಯ ಮೇಲೆ ಒಮ್ಮೆ ಕೈಯಾಡಿಸಿದಳು. ಕೈಯಲ್ಲಿದ್ದ ದಾರದ ಎಳೆ ಅವಳ ಕೂದಲಿಗೆ ಅಂಟಿಕೊಂಡಿತು, ಗೀಚಿ ಅದನ್ನು ತೆಗೆಯಲಿಲ್ಲ.

ಅತ್ತೆ ಕಾಗದವನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಹೊರಡುವವರ ಹಾಗೆ ಬಾಗಿಲಿನ ತನಕ ಹೋದರು. ಅಲ್ಲಿಂದ ಕುರ್ಚಿಯ ಮೇಲಿದ್ದ ಸೂರ್ಯಕಾಂತಿಯನ್ನು ಎಡದಿಂದ ನೋಡಿದರು, ಮೊಗ್ಗು. ಎರಡು ಹೆಜ್ಜೆ ಸರಿದು ಬಲದಿಂದ ನೋಡಿದರು, ಅರಳಿತ್ತು. ಮತ್ತೆ ಎಡಕ್ಕೆ ಬಂದರು. ಮತ್ತೆ ಬಲಕ್ಕೆ ಹೋದರು. ಗಂಟಲು ಸರಿಮಾಡಿಕೊಂಡರು.

“ನಮ್ಮ ಕೌಂಟರಿನ ಕುರ್ಚಿ ಹೇಗೂ ಖಾಲಿ ಬಿತ್ತು” ಎಂದರು. “ಇಂಥದ್ದೊಂದು ಅಲ್ಲಿ ಕೂರಲಿ. ನೆಂಟರದು ಲೆಕ್ಕಕ್ಕಿಲ್ಲ ಅಂತ ಗೊತ್ತು, ಲೆಕ್ಕಕ್ಕೆ ಬೇಡ. ಯಾವಾಗ ಕೊಡ್ತೀಯಾ?”

ಗೀಚಿ ಮೇಜಿನ ಮೇಲಿದ್ದ ಎರಡು ಗುಂಡುಸೂಜಿ ತೆಗೆದು ತುಟಿಯಲ್ಲಿ ಕಚ್ಚಿಕೊಂಡಳು. ತಲೆಯೆತ್ತದೆ ಕುಂಚವನ್ನು ನೀರಿನಲ್ಲಿ ಅದ್ದಿದಳು.

“ನಾಳಿದ್ದು ಬನ್ನಿ” ಎಂದಳು.

ಅಮ್ಮನ ಯಂತ್ರ ಮತ್ತೆ ಓಡತೊಡಗಿತು.